ಯುದ್ಧದ ಕಾದಂಬರಿ ಕಲಿಸುವಾಗ ತರಗತಿಯನ್ನು ಎರಡು ಪಾಳೆಯ ಮಾಡಬೇಡಿ

ಏಳನೇ ಕ್ಲಾಸಿಗೆ ಯುದ್ಧದ ಐತಿಹಾಸಿಕ ಕಾದಂಬರಿ ಪಾಠ ಮಾಡಬೇಕಿದೆ, ಮಕ್ಕಳನ್ನು ಎರಡು ಸೈನ್ಯ ಮಾಡಿ ಅಂಕ ಕೊಟ್ಟು ಆಡಿಸಿದರೆ ಆಸಕ್ತಿ ಬರುತ್ತಾ, ರಕ್ತದ ಪುಟಗಳನ್ನು ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. 'ಎರಡು ಸೈನ್ಯ' ಅನ್ನೋದನ್ನು ಓದಿದ ಕೂಡಲೇ ಎದೆ ಧಸಕ್ ಅಂದಿತು. ಒಂಬತ್ತು ವರ್ಷದ ಹಿಂದೆ ನಾನು ಮಾಡಿದ್ದೂ ಇದನ್ನೇ. ದಯವಿಟ್ಟು ಮಾಡಬೇಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ನಿಮ್ಮ ಕಾದಂಬರಿ ಯಾವುದು ಅಂತ ನೀವು ಬರೆದಿಲ್ಲ. ನನ್ನದು ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಡೆದ ಮೂರನೇ ಮೈಸೂರು ಯುದ್ಧದ ಕಾಲದ್ದು. 1791ರಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರಿಗೆ ಮುತ್ತಿಗೆ ಹಾಕಿದ್ದು, ಮೊದಲು ಕೋಟೆಯ ಹೊರಗಿನ ಪೇಟೆ, ಆಮೇಲೆ ಕೋಟೆ ಬಿದ್ದದ್ದು, ಮರುವರ್ಷದ ಶ್ರೀರಂಗಪಟ್ಟಣದ ಒಪ್ಪಂದ, ಇದಿಷ್ಟೂ ಅದರಲ್ಲಿತ್ತು. ಕಥೆಯಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗ. ಅವನ ಅಪ್ಪ ಎತ್ತುಗಳ ಬೆನ್ನ ಮೇಲೆ ದವಸ ಹೇರಿಕೊಂಡು ಸೈನ್ಯದ ಹಿಂದೆ ಹೋಗುವವನು. ನಮ್ಮ ಶಾಲೆ ಚಾಮರಾಜಪೇಟೆ ಕಡೆ. ಆ ಕೋಟೆಯಲ್ಲಿ ಉಳಿದಿರುವ ಬಾಗಿಲಿಗೆ ನಡೆದುಕೊಂಡೇ ಹೋಗಬಹುದು. ಇಂಥ ಪುಸ್ತಕ, ಇಂಥ ಜಾಗ, ಮೂವತ್ತೆಂಟು ಮಕ್ಕಳು. ಇನ್ನೇನು ಬೇಕು ಅಂದುಕೊಂಡೆ.

ಆದರೆ ಮೊದಲ ಎರಡು ಅಧ್ಯಾಯಕ್ಕೇ ಮಕ್ಕಳು ಆಕಳಿಸೋಕೆ ಶುರು ಮಾಡಿದರು. ನನಗೆ ಗಾಬರಿ ಆಯಿತು. ಕನ್ನಡ ಪೀರಿಯಡ್ ಅಂದರೆ ಬೇಜಾರು ಅನ್ನೋ ಹೆಸರು ಹೇಗಾದರೂ ಹೋಗಬೇಕು ಅಂತ ಹಟ ಇತ್ತು. ಒಂದು ಶನಿವಾರ ಕೂತು ಆಟ ಕಟ್ಟಿದೆ. ಕ್ಲಾಸಿನ ಬಲಗಡೆ ಬೆಂಚುಗಳು ಮೈಸೂರು, ಎಡಗಡೆಯವು ಕಂಪನಿ. ಮೈಸೂರಿನವರ ಕೈಗೆ ಹಸಿರು ದಾರ, ಕಂಪನಿಯವರ ಕೈಗೆ ಕೆಂಪು ದಾರ. ಸರಿ ಉತ್ತರಕ್ಕೆ ಹತ್ತು ಅಂಕ. ಹೊಸ ಪದದ ಅರ್ಥ ಹೇಳಿದರೆ ಐದು. ಥರ್ಮೊಕೋಲಿನಲ್ಲಿ ಒಂದು ಕೋಟೆ ಮಾಡಿ ಮೇಜಿನ ಮೇಲಿಟ್ಟೆ. ವಾರದ ಕೊನೆಗೆ ಯಾರ ಅಂಕ ಜಾಸ್ತಿಯೋ ಅವರ ಬಾವುಟ ಕೋಟೆ ಮೇಲೆ.

ಒಂದೇ ವಾರದಲ್ಲಿ ಕ್ಲಾಸು ಗಿಜಿಗುಡೋಕೆ ಶುರುವಾಯಿತು. ಕೈ ಎತ್ತದ ಮಕ್ಕಳೇ ಇಲ್ಲ. ಮೈಸೂರು ರಾಕೆಟ್ಟಿನ ಬಗ್ಗೆ ನಾನು ಹೇಳಿಕೊಡೋದಕ್ಕಿಂತ ಜಾಸ್ತಿ ಅವರೇ ಹುಡುಕಿಕೊಂಡು ಬಂದರು. ಕಬ್ಬಿಣದ ಕೊಳವೆ, ಅದರೊಳಗೆ ಮದ್ದು, ಉದ್ದದ ಬಿದಿರು ಕೋಲು ಅಂತ ಬೋರ್ಡ್ ಮೇಲೆ ಬರೆದು ತೋರಿಸಿದರು. ಹೆಡ್‌ಮಿಸ್ ಬಾಗಿಲಲ್ಲಿ ನಿಂತು ನೋಡಿ ಶಹಬ್ಬಾಸ್ ಅಂದರು. ಥರ್ಮೊಕೋಲ್ ಕೋಟೆಯ ಫೋಟೊ ಶಾಲೆಯ ವಾಟ್ಸಾಪ್ ಗುಂಪಿಗೂ ಹೋಯಿತು.

ಎರಡನೇ ವಾರ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು. "ಮಿಸ್, ಒನಕೆ ಓಬವ್ವ ಹೊಡೆದದ್ದು ಹೈದರಾಲಿ ಸೈನಿಕರನ್ನಲ್ವಾ? ಈ ಕಥೆಯಲ್ಲಿರೋದು ಹೈದರಾಲಿ ಮಗ. ಹಾಗಾದ್ರೆ ಮೈಸೂರು ಟೀಮು ನಮ್ಮೋರಾ, ಅಲ್ವಾ?"

ಆ ವರ್ಷ ನನ್ನ ಕ್ಲಾಸಿನಲ್ಲಿ ಯಾರಾದರೂ ಕೇಳಿದ ಅತಿ ಒಳ್ಳೆ ಪ್ರಶ್ನೆ ಅದು. ನಾನು ಏನಂದೆ ಗೊತ್ತಾ? "ಆಮೇಲೆ ಮಾತಾಡೋಣಮ್ಮ, ಈಗ ರೌಂಡ್ ನಡೀತಿದೆ." ಆ 'ಆಮೇಲೆ' ಬರಲೇ ಇಲ್ಲ. ಅಂಕದ ಪಟ್ಟಿಯಲ್ಲಿ ಆ ಪ್ರಶ್ನೆಗೆ ಜಾಗ ಇರಲಿಲ್ಲ.

ಮೂರನೇ ವಾರ ಪೇಟೆ ಬೀಳುವ ಅಧ್ಯಾಯ ಬಂತು. ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ, ಕಿಟಕಿ ಪಕ್ಕದ ಮೂರನೇ ಬೆಂಚು. ಗಟ್ಟಿಯಾಗಿ ಓದೋದರಲ್ಲಿ ಅವನನ್ನು ಮೀರಿಸುವವರಿಲ್ಲ. ಮನೆಯಲ್ಲಿ ಉರ್ದು ಮಾತಾಡುವ ಹುಡುಗ. ಆದರೆ ಅಲ್ಪಪ್ರಾಣ ಮಹಾಪ್ರಾಣ ಒಂದೂ ತಪ್ಪುತ್ತಿರಲಿಲ್ಲ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಅಂತ ಯಾರೂ ಹೇಳಿಕೊಡದೆಯೇ ಗೊತ್ತಿತ್ತು ಅವನಿಗೆ. ಅವನು ಕೂತಿದ್ದು ಬಲಗಡೆ, ಅಂದರೆ ಮೈಸೂರು. ಆ ವಾರ ಮೈಸೂರಿಗೆ ಅಂಕ ಕಡಿಮೆ ಬಂತು. ಎಡಗಡೆಯಿಂದ ಒಬ್ಬ ಕೂಗಿದ, "ನಿಮ್ಮ ಟಿಪ್ಪು ಸೋತ!" ಉಳಿದವರು ದನಿಗೂಡಿಸಿದರು. ಅದು ಇಡೀ ಬಲಗಡೆಗೆ ಕೂಗಿದ್ದು ಅಂತ ನಾನು ಅಂದುಕೊಂಡೆ. ಅಲ್ಲ. ಎಲ್ಲರ ಕಣ್ಣೂ ಕಿಟಕಿ ಪಕ್ಕದ ಆ ಮೂರನೇ ಬೆಂಚಿನ ಕಡೆ ತಿರುಗಿತ್ತು.

ಇದು ಸರಿಯಿಲ್ಲ ಅಂತ ನನಗೂ ಅನ್ನಿಸಿತು. ಆದರೆ ಆಟ ನಿಲ್ಲಿಸುವ ಬದಲು ತಂಡ ಅದಲು ಬದಲು ಮಾಡಿದೆ. ಬಲಗಡೆಯವರು ಕಂಪನಿ, ಎಡಗಡೆಯವರು ಮೈಸೂರು. ದಾರ ಬಿಚ್ಚಿ ಬದಲಾಯಿಸಿಕೊಳ್ಳಿ ಅಂದೆ. ಅವನು ಕೆಂಪು ದಾರ ಕಟ್ಟಿಕೊಳ್ಳುತ್ತಿದ್ದಾಗ ಹಿಂದಿನ ಬೆಂಚಿನ ಗೆಳೆಯನೇ ನಗುತ್ತಾ ಅಂದ, "ಲೋ, ನೀನು ಆ ಕಡೆ ಹೋಗೋಕಾಗಲ್ಲ ಕಣೋ." ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಇಬ್ಬರೂ ಒಂದೇ ಆಟೋದಲ್ಲಿ ಶಾಲೆಗೆ ಬರುತ್ತಿದ್ದವರು. ಆದರೆ ನಾನು ಹುಡುಗನ ಕೈ ನೋಡಿದೆ. ಗಂಟು ಹಾಕುತ್ತಿದ್ದ ಬೆರಳು ನಿಂತುಬಿಟ್ಟಿತು. ದಾರವನ್ನು ಸುತ್ತಿ ಪೆನ್ಸಿಲ್ ಬಾಕ್ಸಿನೊಳಗೆ ಇಟ್ಟ. ಆಮೇಲೆ ವರ್ಷ ಮುಗಿಯೋವರೆಗೂ ಅವನು ಗಟ್ಟಿಯಾಗಿ ಓದಲಿಲ್ಲ. ಕರೆದರೆ ಎದ್ದು ನಿಲ್ಲುತ್ತಿದ್ದ. "ಗಂಟಲು ನೋವು ಮಿಸ್" ಅನ್ನುತ್ತಿದ್ದ.

ಪೇರೆಂಟ್ಸ್ ಮೀಟಿಂಗ್ ದಿನ ಅವನ ತಾಯಿ ಬಂದರು. ಜಗಳ ಮಾಡಲಿಲ್ಲ, ದೂರು ಹೇಳಲಿಲ್ಲ. ಮಾರ್ಕ್ಸ್ ಕಾರ್ಡಿಗೆ ಸಹಿ ಮಾಡಿ, ಪೆನ್ನು ಮುಚ್ಚಿ, ಕೇಳಿದರು. "ಮಿಸ್, ಆ ಪುಸ್ತಕದಲ್ಲಿ ನನ್ನ ಮಗ ಯಾರು?" ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಎಂಟನೇ ಕ್ಲಾಸಿಗೆ ಭಾಷೆ ಬದಲಿಸಿಕೊಳ್ಳುವ ಅವಕಾಶ ಇತ್ತು. ಅವನು ಬದಲಿಸಿಕೊಂಡ. ಶಾಲೆಯ ಪ್ರತಿಗಳನ್ನು ವಾಪಸ್ ತೆಗೆದುಕೊಂಡಾಗ ಅವನ ಪುಸ್ತಕಕ್ಕೆ ನೀಟಾಗಿ ಬೈಂಡ್ ಹಾಕಿತ್ತು. ಪೇಟೆ ಬೀಳುವ ಅಧ್ಯಾಯದ ನಡುವೆ ಒಂದು ಬಸ್ ಟಿಕೆಟ್ ಗುರುತಿಗೆ ಇಟ್ಟಿದ್ದ. ಅಲ್ಲಿಂದ ಮುಂದಿನ ಪುಟಗಳು ಹೊಸ ಪುಸ್ತಕದ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು.

ನನ್ನ ತಪ್ಪು ನಿಖರವಾಗಿ ಎಲ್ಲಿತ್ತು ಅನ್ನೋದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ಹೇಳಿದಾಗಲೆಲ್ಲ ಬೇರೆ ಟೀಚರುಗಳು 'ಮಕ್ಕಳು ಹಾಗೆ ಮಾತಾಡದಂತೆ ಮೊದಲೇ ಎಚ್ಚರಿಕೆ ಕೊಡಬೇಕಿತ್ತು' ಅನ್ನುತ್ತಾರೆ. ಎಚ್ಚರಿಕೆಯಿಂದ ಸರಿಹೋಗುವ ವಿಷಯ ಅಲ್ಲ ಇದು. ಮಕ್ಕಳ ಬಾಯಿಂದ ಬಂದ ಮಾತಿಗೆ ದಾರ ಕಟ್ಟಿದ್ದು ನಾನು. ಎರಡು ಪಾಳೆಯ ಮಾಡಿ, ಗೆಲ್ಲಿ ಅಂತ ಹೇಳಿದ್ದು ನಾನು. ಹನ್ನೆರಡು ವರ್ಷದ ಮಗುವಿಗೆ ಒಂದು ಪಾಳೆಯ ಕೊಟ್ಟರೆ ಅದು ಮೊದಲು ಹುಡುಕೋದು ಆ ಕಡೆ ಯಾರಿದ್ದಾರೆ ಅಂತ. ಕ್ರಿಕೆಟ್ಟಿನಲ್ಲಾದರೆ ಆಟ ಮುಗಿದ ಮೇಲೆ ಜೆರ್ಸಿ ಕಳಚಬಹುದು. ಈ ಆಟದಲ್ಲಿ ಕೆಲವು ಮಕ್ಕಳ ಹೆಸರೇ ಜೆರ್ಸಿ ಆಗಿಬಿಡುತ್ತೆ. ಅದು ಕಳಚೋಕೆ ಬರಲ್ಲ. ಇಷ್ಟು ನನಗೆ ಹೊಳೆಯಬೇಕಿತ್ತು. ಗದ್ದಲವನ್ನೇ ಆಸಕ್ತಿ ಅಂದುಕೊಂಡೆ, ಅದಕ್ಕೇ ಹೊಳೆಯಲಿಲ್ಲ.

ಇನ್ನೊಂದು ಮಾತು. ಆಟ ಮಕ್ಕಳ ಮನಸ್ಸಿಗೆ ಕೆಟ್ಟದ್ದು ಅನ್ನೋದು ಒಂದು ಕಡೆ ಇರಲಿ, ಅದು ಇತಿಹಾಸಕ್ಕೂ ಸುಳ್ಳು. ಆ ಯುದ್ಧದಲ್ಲಿ ಎರಡು ಕಡೆ ಇರಲೇ ಇಲ್ಲ. ಕಂಪನಿಯ ಜೊತೆ ಮರಾಠರಿದ್ದರು, ನಿಜಾಮ ಇದ್ದ. ಕಂಪನಿ ಸೈನ್ಯದಲ್ಲಿ ಬಂದೂಕು ಹಿಡಿದವರಲ್ಲಿ ಹೆಚ್ಚಿನವರು ಈ ದೇಶದವರೇ ಆದ ಸಿಪಾಯಿಗಳು. ಟಿಪ್ಪುವಿನ ಸೈನ್ಯದಲ್ಲಿ ಫ್ರೆಂಚರಿದ್ದರು. ಅದೇ 1791ರಲ್ಲಿ ಮರಾಠಾ ಸೈನ್ಯದ ಜೊತೆ ಬಂದ ಪಿಂಡಾರಿಗಳು, ಅಂದರೆ ಲೂಟಿ ಮಾಡಿ ಬದುಕುವ ಕುದುರೆ ಸವಾರರು, ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಮಠಕ್ಕೆ ನೆರವು ಕಳಿಸಿದ್ದು ಟಿಪ್ಪು. ಇತ್ತ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ಇವತ್ತಿಗೂ ನರಕ ಚತುರ್ದಶಿ ಆಚರಿಸಲ್ಲ. ಆ ದಿನ ತಮ್ಮವರನ್ನು ಟಿಪ್ಪು ಕೊಲ್ಲಿಸಿದ ಅನ್ನೋದು ಅವರ ಮನೆಮಾತು. ಇದನ್ನೆಲ್ಲ ಹಸಿರು ದಾರ, ಕೆಂಪು ದಾರದಲ್ಲಿ ಎಲ್ಲಿ ಅಂತ ಕಟ್ಟುತ್ತೀರಿ? ಓಬವ್ವನ ಪ್ರಶ್ನೆ ಕೇಳಿದ ಹುಡುಗಿಗೆ ನನಗಿಂತ ಮೊದಲೇ ಅದು ಅರ್ಥವಾಗಿತ್ತು.

ಮುಂದಿನ ವರ್ಷ ಅದೇ ಪುಸ್ತಕ ಮತ್ತೆ ಬಂತು. ಬೇರೆ ಪುಸ್ತಕ ಕೊಡಿ ಅಂತ ಕೇಳೋಣ ಅಂದುಕೊಂಡಿದ್ದೆ. ಆಮೇಲೆ ಬೇಸಿಗೆ ರಜೆಯಲ್ಲಿ ಇನ್ನೊಮ್ಮೆ ಓದಿದಾಗ ಎತ್ತುಗಳು ಕಣ್ಣಿಗೆ ಬಿದ್ದವು. ಮೊದಲ ಪುಟದಿಂದಲೇ ಇದ್ದವು, ನಾನು ರಾಕೆಟ್ ನೋಡುತ್ತಾ ಬಿಟ್ಟಿದ್ದೆ.

ಶುರುವಾತಿಗೆ ಮಕ್ಕಳಿಗೆ ಒಂದೇ ಒಂದು ಮನೆಗೆಲಸ ಕೊಟ್ಟೆ. ಊರಲ್ಲಿರೋ ಅಜ್ಜ ಅಜ್ಜಿಗೆ ಫೋನ್ ಮಾಡಿ, ಒಂದು ಜೋಡಿ ಎತ್ತಿಗೆ ದಿನಕ್ಕೆ ಏನೇನು ಬೇಕು ಅಂತ ಕೇಳಿಕೊಂಡು ಬನ್ನಿ. ಮಾರನೇ ದಿನ ಮಾಗಡಿ, ಕೋಲಾರ, ಕನಕಪುರ ಎಲ್ಲ ಕಡೆಯಿಂದ ಉತ್ತರ ಬಂತು. ಒಬ್ಬಳ ಅಜ್ಜ ಹೇಳಿದ್ದನ್ನು ಅವಳು ಹಾಗೇ ಬರೆದುಕೊಂಡು ಬಂದಿದ್ದಳು: "ಬರೀ ಹುಲ್ಲು ಹಾಕಿದ್ರೆ ಎತ್ತು ಬದುಕ್ತದೆ, ದುಡಿಯಲ್ಲ. ದುಡಿಯೋ ಎತ್ತಿಗೆ ಹುರುಳಿ ಬೇಯಿಸಿ ಇಡಬೇಕು." ಹಳ್ಳಿ ಕಡೆ ಯಾರೂ ಇಲ್ಲದ ಮಕ್ಕಳು ಬೇರೆಯವರ ಹಾಳೆ ನೋಡಿ ಬರೆದುಕೊಂಡರು. ದೊಡ್ಡ ತೋಪು ಒಂದನ್ನು ಎಳೆಯೋಕೆ ಹತ್ತಾರು ಎತ್ತು ಬೇಕು ಅಂದೆ. ತೋಪಿನ ಗುಂಡಿಗೆ ಬೇರೆ ಎತ್ತು, ಅಕ್ಕಿಗೆ ಬೇರೆ, ಡೇರೆಗೆ ಬೇರೆ. ಆಮೇಲೆ ಎತ್ತಿನ ಹುರುಳಿ ಹೊರೋಕೂ ಎತ್ತು ಬೇಕಲ್ವಾ ಅಂತ ಒಬ್ಬ ಕೇಳಿದ. ಅಲ್ಲಿಂದ ಲೆಕ್ಕ ಎಲ್ಲಿಗೆ ಹೋಯಿತು ಅಂದರೆ ಬೋರ್ಡ್ ಸಾಲಲಿಲ್ಲ. ಗಣಿತದ ಮೇಷ್ಟ್ರನ್ನೂ ಕರೆದುಕೊಂಡು ಬಂದರು.

ಆಗ ಅವರಿಗೆ ಹೇಳಿದೆ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋಗಿ, ಅರಕೆರೆಯ ಹತ್ತಿರ ಯುದ್ಧದಲ್ಲಿ ಗೆದ್ದು, ಆದರೂ ವಾಪಸ್ ಬಂದ. ಮಳೆ, ಹಸಿವು, ಮೇವಿಲ್ಲ. ಎತ್ತುಗಳು ಸಾಲಾಗಿ ಸತ್ತವು. ಎಳೆಯುವವರಿಲ್ಲದೆ ಕೋಟೆ ಒಡೆಯೋ ದೊಡ್ಡ ತೋಪುಗಳನ್ನು ಅವರೇ ಹಾಳುಗೆಡವಿ ಬಿಟ್ಟುಬಂದರು. ಗೆದ್ದವನು ಯಾಕೆ ವಾಪಸ್ ಬಂದ ಅಂತ ಮಕ್ಕಳಿಗೆ ಯಾರೂ ವಿವರಿಸಬೇಕಾಗಲಿಲ್ಲ. ಬೋರ್ಡ್ ಮೇಲೆ ಲೆಕ್ಕ ಇತ್ತು.

ಹೇರೆತ್ತುಗಳ ಮೇಲೆ ದವಸ ಸಾಗಿಸುತ್ತಿದ್ದ ಬಂಜಾರರ ಬಗ್ಗೆ, ನಾವು ಲಂಬಾಣಿಗಳು ಅನ್ನುವವರ ಬಗ್ಗೆ ಮಾತು ಬಂತು. ಹಣ ಕೊಟ್ಟ ಸೈನ್ಯಕ್ಕೆ ದವಸ ಒದಗಿಸುತ್ತಿದ್ದ ಜನ ಅವರು. ಮೈಸೂರಿನ ಅಮೃತಮಹಲ್ ದನಗಳ ಬಗ್ಗೆಯೂ ಮಾತು ಬಂತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು 'ಬೆಣ್ಣೆ ಚಾವಡಿ' ಆಗಿತ್ತು, ಅಮೃತಮಹಲ್ ಅಂತ ಹೆಸರಿಟ್ಟದ್ದು ಟಿಪ್ಪು. ಬೆಣ್ಣೆಗೆ ಅಂತ ಸಾಕಿದ ದನ ತೋಪು ಎಳೆಯೋಕೆ ಹೋದ ಕಥೆ ಅದು. ನನ್ನ ಕೇಳಿದರೆ ಪಠ್ಯಪುಸ್ತಕದಲ್ಲಿ ಯುದ್ಧದ ಇಸವಿಗಳಿಗಿಂತ ಮೊದಲು ಇದನ್ನು ಹಾಕಬೇಕು.

ಆ ವರ್ಷ ಕಾದಂಬರಿಯ ಹುಡುಗನ ಜೊತೆ ಇಡೀ ಕ್ಲಾಸು ನಡೆಯಿತು. ಅವನಿಗೆ ಬಾವುಟ ಇಲ್ಲ. ಎತ್ತು ಬದುಕಬೇಕು, ಅಪ್ಪ ಬದುಕಬೇಕು, ಅಷ್ಟೇ. ಕಿಟಕಿ ಪಕ್ಕ ಕೂತ ಮಗುವಿಗೂ, ಬಾಗಿಲ ಪಕ್ಕ ಕೂತ ಮಗುವಿಗೂ ಅವನಾಗೋಕೆ ಯಾವ ಅಡ್ಡಿಯೂ ಇರಲಿಲ್ಲ.

ಕೋಟೆಗೂ ಕರೆದುಕೊಂಡು ಹೋದೆ. ಕೆ.ಆರ್. ಮಾರ್ಕೆಟ್ ಹತ್ತಿರ ಈಗ ಉಳಿದಿರೋದು ಡೆಲ್ಲಿ ಗೇಟ್ ಮತ್ತು ಅದರ ಸುತ್ತಲ ಗೋಡೆ ಮಾತ್ರ. ಹೊರಗಡೆ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಕೆತ್ತಿದ ಒಂದು ಕಲ್ಲಿದೆ. 1791ರ ಮಾರ್ಚ್ 21ರಂದು ಈ ಬಿರುಕಿನ ಮೂಲಕ ಬ್ರಿಟಿಷರ ದಾಳಿ ನಡೆಯಿತು ಅಂತ ಅದರ ಅರ್ಥ. ಪಕ್ಕದಲ್ಲೇ ಬಸ್ಸು, ಹೂವಿನ ಮೂಟೆ, ಹಾರ್ನು. ಕಲ್ಲಿನ ಮುಂದೆ ನಿಲ್ಲಿಸಿ ಓದಿಸಿದೆ. ಒಬ್ಬ ಹುಡುಗ ಎರಡು ಸಲ ಓದಿ ಹೇಳಿದ, "ಮಿಸ್, ಒಳಗೆ ಇದ್ದೋರ ಬಗ್ಗೆ ಏನೂ ಬರೆದಿಲ್ಲ." ಒಳಗೆ ಇದ್ದವರಲ್ಲಿ ಕಿಲ್ಲೇದಾರ, ಅಂದರೆ ಕೋಟೆಯ ಅಧಿಕಾರಿ, ಬಹಾದ್ದೂರ್ ಖಾನ್ ಇದ್ದ, ವಯಸ್ಸಾದವನು, ಆ ರಾತ್ರಿ ಹೋರಾಡುತ್ತಲೇ ಸತ್ತ ಅಂತ ಹೇಳಿದೆ. ಎರಡು ವಾರ ಮೊದಲು, ಮಾರ್ಚ್ 7ರಂದು, ಪೇಟೆಯ ಬಾಗಿಲಲ್ಲಿ ಕಂಪನಿಯ ಕರ್ನಲ್ ಮೂರ್‌ಹೌಸ್ ಸತ್ತದ್ದನ್ನೂ ಹೇಳಿದೆ. ಆಗ ಸೈನ್ಯದ ಜೊತೆ ಬಂದಿದ್ದ ರಾಬರ್ಟ್ ಹೋಮ್ ಅನ್ನೋ ಕಲಾವಿದ ಮೂರ್‌ಹೌಸನ ಸಾವಿನ ಚಿತ್ರ ಬರೆದಿದ್ದಾನೆ. ಅದರ ಪ್ರಿಂಟ್ ತೋರಿಸಿ, ಬೆಳಕು ಯಾರ ಮೇಲೆ ಬಿದ್ದಿದೆ ನೋಡಿ ಅಂದೆ. ಮಕ್ಕಳು ಇಂಥದ್ದನ್ನು ನಮಗಿಂತ ಬೇಗ ಹಿಡಿಯುತ್ತಾರೆ. ಭಾನುವಾರ ಬೆಳಿಗ್ಗೆ ಬೇಗ ಹೋಗಿ, ಮೂರು ಜನ ದೊಡ್ಡವರಾದರೂ ಜೊತೆಗಿರಲಿ. ಅಲ್ಲಿ ರಸ್ತೆ ದಾಟೋದೇ ಒಂದು ದೊಡ್ಡ ಕೆಲಸ.

ರಕ್ತದ ಪುಟಗಳ ಬಗ್ಗೆ ನನ್ನ ಉತ್ತರ ಖಡಾಖಂಡಿತ: ಬಿಡಬೇಡಿ. ನಿಮ್ಮ ಮಕ್ಕಳು ವಾರ್ಷಿಕೋತ್ಸವದಲ್ಲಿ ಓಬವ್ವನ ವೇಷ ಹಾಕಿ ಒನಕೆಯಿಂದ ತಲೆ ಒಡೆದಿದ್ದಾರೆ, ನಾವು ಚಪ್ಪಾಳೆ ತಟ್ಟಿದ್ದೇವೆ. ಅವರಿಗೆ ಹಿಂಸೆ ಹೊಸದಲ್ಲ. ಸತ್ತವನಿಗೂ ಒಂದು ಮನೆ ಇತ್ತು ಅನ್ನೋದು ಹೊಸದು. ಅದನ್ನು ಹೇಳೋದು ಆ ಪುಟಗಳೇ. ಆ ಪುಟ ಬಿಟ್ಟು ರಾಕೆಟ್ಟು, ಕುದುರೆ, ಬಾವುಟ ಮಾತ್ರ ಓದಿಸಿದರೆ ಯುದ್ಧ ಅಂದರೆ ಹಬ್ಬ ಅಂತ ಕಲಿಸಿದ ಹಾಗೆ. ಆದರೆ ಓದೋ ಹೊತ್ತು ನೋಡಿಕೊಳ್ಳಿ. ಕೊನೆ ಪೀರಿಯಡ್‌ನಲ್ಲಿ ಓದಬೇಡಿ. ಬೆಲ್ ಹೊಡೆದು ಮಕ್ಕಳು ವ್ಯಾನ್ ಹತ್ತಿಬಿಟ್ಟರೆ ಆ ಪುಟ ಅವರ ಜೊತೆ ಒಂಟಿಯಾಗಿ ಮನೆಗೆ ಹೋಗುತ್ತೆ. ಬೆಳಗಿನ ಮೊದಲ ಪೀರಿಯಡ್‌ನಲ್ಲಿ ನೀವೇ ಓದಿ, ನಿಧಾನವಾಗಿ, ನಾಟಕ ಮಾಡದೆ. ಓದಿದ ಮೇಲೆ ತಕ್ಷಣ ಪ್ರಶ್ನೆ ಕೇಳಬೇಡಿ. ಸುಮ್ನೆ ಇರೋಕೆ ಬಿಡಿ. ಮನೆಗೆ ಮೊದಲೇ ಒಂದು ಚೀಟಿ ಕಳಿಸಿ, ಇಂಥ ದಿನ ಇಂಥ ಭಾಗ ಓದುತ್ತೇವೆ ಅಂತ. ನಾನು ಕಳಿಸಿದಾಗ ಬಿಡಿ ಅಂದ ತಂದೆ ತಾಯಿ ಯಾರೂ ಇಲ್ಲ. ಒಬ್ಬ ಅಪ್ಪ ತಾನೂ ಓದಬೇಕು ಅಂತ ಪುಸ್ತಕ ಕೇಳಿ ಕಳಿಸಿದರು.

ನನ್ನ ಮಕ್ಕಳನ್ನು ಜಾಸ್ತಿ ಕಾಡಿದ್ದು ರಕ್ತದ ಪುಟ ಅಲ್ಲ. ಒಪ್ಪಂದದ ಅಧ್ಯಾಯ. 1792ರಲ್ಲಿ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಅದು ತೀರೋವರೆಗೆ ಒತ್ತೆಯಾಗಿ ಟಿಪ್ಪುವಿನ ಇಬ್ಬರು ಪುಟ್ಟ ಮಕ್ಕಳು. ಏಳನೇ ಕ್ಲಾಸಿನವರಿಗಿಂತ ಚಿಕ್ಕವರು. ವಾಪಸ್ ಬಂದದ್ದು 1794ರಲ್ಲಿ. "ಅವರಿಗೆ ಅಲ್ಲಿ ಊಟ ಸೇರ್ತಿತ್ತಾ ಮಿಸ್?" ಅಂತ ಒಬ್ಬಳು ಕೇಳಿದಳು. ಅವತ್ತು ಕ್ಲಾಸಿನಲ್ಲಿ ಗೆದ್ದವರು ಯಾರು ಅಂತ ಯಾರೂ ಕೇಳಲಿಲ್ಲ.

'ಟಿಪ್ಪು ಒಳ್ಳೆಯವನಾ ಕೆಟ್ಟವನಾ' ಅಂತ ಕೇಳೇ ಕೇಳುತ್ತಾರೆ. ಮಕ್ಕಳಲ್ಲದಿದ್ದರೆ ಮಕ್ಕಳ ಚಿಕ್ಕಪ್ಪಂದಿರು. ತೀರ್ಪು ಕೊಡಬೇಡಿ, ಜಾರಿಕೊಳ್ಳಲೂ ಬೇಡಿ. ಈ ಪುಟದಲ್ಲಿ ಯಾರು, ಯಾರಿಗೆ, ಏನು ಮಾಡಿದರು ಅಂತ ಕೇಳಿ. ಶೃಂಗೇರಿಯದ್ದನ್ನೂ ಹೇಳಿ, ಮೇಲುಕೋಟೆಯದ್ದನ್ನೂ ಹೇಳಿ, ಒಂದೇ ಪೀರಿಯಡ್‌ನಲ್ಲಿ. ಒಂದನ್ನು ಇವತ್ತು, ಇನ್ನೊಂದನ್ನು ನಾಳೆ ಅಂತ ಇಟ್ಟರೆ ನಾಳೆ ರಜೆ ಹಾಕಿದ ಮಗುವಿಗೆ ಅರ್ಧವೇ ಸಿಗುತ್ತೆ.

ನಿಮ್ಮದು ಬೇರೆ ಯುದ್ಧದ ಕಾದಂಬರಿಯಾದರೂ ಇದನ್ನೇ ಮಾಡಬಹುದು. ಮೊದಲ ಮಹಾಯುದ್ಧ ಆದರೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಸಂಸ್ಥಾನದ ಕುದುರೆ ದಳವಾದ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ದಳ ಅದು. ಅಲ್ಲಿ ಎತ್ತಿನ ಬದಲು ಕುದುರೆಯಿಂದ ಶುರು ಮಾಡಿ. ಇಲ್ಲಿನ ಕುದುರೆ ಅಲ್ಲಿಯವರೆಗೆ ಹೇಗೆ ಹೋಯಿತು, ದಾರಿಯಲ್ಲಿ ಏನು ತಿಂದಿತು ಅಂತ ಕೇಳಿ.

ಆ ಹುಡುಗ ಈಗ ಕಾಲೇಜು ಮುಗಿಸಿರಬೇಕು. ಅವನ ಪ್ರತಿಯನ್ನು ನಾನು ಸ್ಟಾಕಿಗೆ ವಾಪಸ್ ಕೊಡಲಿಲ್ಲ, ದುಡ್ಡು ಕಟ್ಟಿ ಇಟ್ಟುಕೊಂಡೆ. ಬಸ್ ಟಿಕೆಟ್ಟು ಅದೇ ಪುಟದಲ್ಲಿದೆ. ಪ್ರತಿ ವರ್ಷ ಪಾಠ ಶುರು ಮಾಡುವ ಮೊದಲು ಆ ಪುಸ್ತಕದಿಂದಲೇ ಓದುತ್ತೇನೆ.

ನಿಮ್ಮ ಕಾದಂಬರಿ ಯಾವುದು, ಅದರಲ್ಲಿ ಬಾವುಟ ಇಲ್ಲದವರು ಯಾರಿದ್ದಾರೆ ಅಂತ ಕೆಳಗೆ ಬರೆಯಿರಿ. ಎತ್ತಿನ ಲೆಕ್ಕದ ಹಾಳೆ ನನ್ನ ಹತ್ತಿರ ಇದೆ, ಬೇಕಿದ್ದರೆ ಟೈಪ್ ಮಾಡಿ ಹಾಕುತ್ತೇನೆ.